ಆಗುಂಬೆಯ ಇಳಿಜಾರಿನಲ್ಲಿ ಹಳೆಯ ಅಂಬಾಸಡರ್

ಆಗುಂಬೆಗೆ ಹೋಗುವವರೆಲ್ಲರೂ ಸೂರ್ಯಾಸ್ತವನ್ನು ನೋಡಲು ಹೋಗುತ್ತಾರೆ. ಘಟ್ಟವನ್ನು ನೋಡುವವರು ಕಡಿಮೆ. ಹದಿನಾಲ್ಕು ತಿರುವುಗಳಲ್ಲಿ ಸೋಮೇಶ್ವರಕ್ಕೆ ಧುಮುಕುವ ಈ ದಾರಿ ಮಲೆನಾಡನ್ನು ಕರಾವಳಿಯ ಕೈಗೆ ಒಪ್ಪಿಸುವ ಪರಿ ಬೆರಗು ಹುಟ್ಟಿಸುವಂಥದು. ಮೇಲಿನ ತಿರುವಿನಲ್ಲಿ ಮೈಗೆ ಹೊದಿಕೆ ಬೇಕೆನಿಸಿದರೆ, ಕೆಳಗಿನ ತಿರುವಿನಲ್ಲಿ ಅಂಗಿಯ ಗುಂಡಿಯನ್ನು ಬಿಚ್ಚಬೇಕೆನಿಸುತ್ತದೆ. ನಡುವೆ ಸಿಂಗಳೀಕಗಳ ಕಾಡು, ಪಾಚಿಗಟ್ಟಿದ ತಡೆಗೋಡೆ, ಅದರಾಚೆ ಕಣ್ಣಿಗೆ ತಳ ಸಿಕ್ಕದ ಹಸುರು.

ಈ ಹಸುರನ್ನು ನಾವು ಕಳೆದ ಕಾರ್ತಿಕದಲ್ಲಿ ಮನವಿಟ್ಟು ನೋಡಲಾಗಲಿಲ್ಲ. ಹಿರಿಯ ಸಹೋದ್ಯೋಗಿಗಳೊಬ್ಬರ ಅಂಬಾಸಡರ್ ಕಾರು. ವಯಸ್ಸು ನಲವತ್ತನ್ನು ದಾಟಿದ್ದು. ಉತ್ತರಪಾರದ ಕಾರ್ಖಾನೆ 2014ರಲ್ಲಿ ಇದರ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಅವರಿಗೆ ಅದರ ಮೇಲಿನ ಅಕ್ಕರೆ ಇಮ್ಮಡಿಯಾಗಿದೆ. ಹಿಂದಿನ ಆಸನದಲ್ಲಿ ಅವರ ವೃದ್ಧ ತಾಯಿ, ಪಕ್ಕದಲ್ಲಿ ನನ್ನ ಮಗಳು. ನಾಲ್ಕನೆಯ ತಿರುವಿನಲ್ಲಿ ಬ್ರೇಕಿನ ಪೆಡಲು ಎಂದಿಗಿಂತ ಕೆಳಗಿಳಿಯಿತು. ಐದನೆಯದರಲ್ಲಿ ಇನ್ನಷ್ಟು. ಎರಡು ಬಾರಿ ಒತ್ತಿದರೆ ಮಾತ್ರ ಮೇಲೇಳುತ್ತಿತ್ತು. ಅವರು ಮಾತನ್ನು ನಿಲ್ಲಿಸಿ, ಮೊದಲ ಗೇರಿಗೆ ಇಳಿಸಿ, ಕೈಬ್ರೇಕನ್ನು ಮೆಲ್ಲನೆ ಎಳೆದು, ಬೆಟ್ಟದ ಮಗ್ಗುಲಿಗೆ ಕಾರನ್ನು ಆನಿಸಿದರು. ಕೈಬ್ರೇಕಿಗೆ ಎಣ್ಣೆಯ ಹಂಗಿಲ್ಲ, ಅದು ತಂತಿಯ ಬಲದಿಂದ ಹಿಂದಿನ ಗಾಲಿಗಳನ್ನು ಹಿಡಿಯುತ್ತದೆ. ಆ ಹೊತ್ತಿನಲ್ಲಿ ನಮ್ಮನ್ನು ಕಾಯ್ದದ್ದು ಆ ತಂತಿ. ಗಾಲಿಗಳು ತಣ್ಣಗಾಗುವವರೆಗೆ ಅರ್ಧ ಗಂಟೆ ಕಾದು, ಉಳಿದ ತಿರುವುಗಳನ್ನು ಎತ್ತಿನ ಗಾಡಿಯ ವೇಗದಲ್ಲಿ ಇಳಿದೆವು.

ಸೀತಾನದಿಯನ್ನು ದಾಟಿ ಹೆಬ್ರಿಯ ಬಳಿ ಒಂದು ಚಿಕ್ಕ ಗ್ಯಾರೇಜು. ಅಲ್ಲಿನ ಮುದುಕ ಮೆಕ್ಯಾನಿಕ್ ಕಾರಿನ ಮುಚ್ಚಳವನ್ನೇ ತೆರೆಯಲಿಲ್ಲ. ಮೊದಲು ಆಸನದಲ್ಲಿ ಕುಳಿತು ಪೆಡಲನ್ನು ತುಳಿದು, ನಾಡಿ ಹಿಡಿದ ವೈದ್ಯರಂತೆ ಕಣ್ಣು ಮುಚ್ಚಿದರು.

“ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗೆ ಹೋಗುವುದಾದರೆ ಮಾಸ್ಟರ್ ಸಿಲಿಂಡರಿನ ರಬ್ಬರು ಹೋದದ್ದು. ಇದು ಹಾಗಲ್ಲ. ಸ್ಪಂಜಿನ ಹಾಗೆ ಉಂಟು. ಗಾಳಿ ಉಂಟು ಮಾರಾಯ್ರೇ” ಎಂದರು.

ಎರಡು ದಿನದ ಕೆಳಗಷ್ಟೇ ಊರಿನ ಗ್ಯಾರೇಜೊಂದರಲ್ಲಿ ಆಯಿಲ್ ಬದಲಾಯಿಸಿ ತಂದದ್ದು! ಅವಸರದಲ್ಲಿ ಕೊಳವೆಯೊಳಗೆ ಗಾಳಿಯನ್ನು ಉಳಿಸಿಬಿಟ್ಟಿದ್ದರು. ಎಣ್ಣೆ ಅದುಮಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ಕಾಲಿನ ಬಲ ಗಾಲಿಯನ್ನು ಮುಟ್ಟುವ ಮೊದಲೇ ಗುಳ್ಳೆಯಲ್ಲಿ ಕರಗಿಹೋಗುತ್ತದೆ.

ಪೆಡಲು ತುಳಿಯುವ ಕೆಲಸ ನನ್ನ ಪಾಲಿಗೆ ಬಂತು. ಚಾಲಕನಿಗೆ ಅತಿ ದೂರದ ಎಡ ಹಿಂಗಾಲಿಯಿಂದ ಆರಂಭ. ನಿಪ್ಪಲ್ಲಿಗೆ ಸಣ್ಣ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಎಣ್ಣೆಯಿದ್ದ ಗಾಜಿನ ಸೀಸೆಯಲ್ಲಿ ಮುಳುಗಿಸಿದರು. “ತುಳೀರಿ”, “ಹಿಡೀರಿ”, “ಬಿಡಿ”: ತರಗತಿಯಲ್ಲಿ ನಾನು ಪಾಠ ಹೇಳುವ ವಿಧ್ಯರ್ಥ ಕ್ರಿಯಾಪದಗಳಿಗೆ ಇಷ್ಟೊಂದು ತೂಕವಿರುವುದನ್ನು ಬೇರೆಲ್ಲೂ ಕಂಡಿಲ್ಲ. ನಿಪ್ಪಲ್ಲನ್ನು ಬಿಗಿಯುವ ಮೊದಲೇ ಪೆಡಲು ಬಿಟ್ಟರೆ, ಹೊರಗಿನ ಗಾಳಿ ಮತ್ತೆ ಒಳಕ್ಕೆ. ಪೆಡಲನ್ನು ನೆಲ ಮುಟ್ಟುವಂತೆ ತುಳಿಯಲೂ ಬಿಡಲಿಲ್ಲ. ಕೆಳಗೊಂದು ಮರದ ತುಂಡು ಇಟ್ಟರು. ಹಳೆಯ ಸಿಲಿಂಡರಿನ ಕೊನೆಯ ಭಾಗದಲ್ಲಿ ತುಕ್ಕು ಕುಳಿತಿರುತ್ತದೆ, ಎಂದೂ ಅಲ್ಲಿಗೆ ಹೋಗದ ರಬ್ಬರು ಅದಕ್ಕೆ ತಾಗಿ ಹರಿದೀತು ಎಂಬ ಎಚ್ಚರ. ಮೇಲಿನ ಪಾತ್ರೆಯಲ್ಲಿ ಆಯಿಲ್ ಬತ್ತದಂತೆ ಹುಡುಗನೊಬ್ಬ ಕಾವಲಿದ್ದ.

ನಾಲ್ಕೂ ಗಾಲಿಗಳು ಮುಗಿದು ಗುಳ್ಳೆಗಳು ನಿಂತವು. ಪೆಡಲು ಗಟ್ಟಿಯಾಯಿತು. ಆದರೆ ತಳದಲ್ಲೇ ಗಟ್ಟಿ! ಇನ್ನೊಂದು ಸುತ್ತು ಗಾಳಿ ತೆಗೆಯೋಣವೆಂದು ಸಹೋದ್ಯೋಗಿಗಳು ಆತುರಪಟ್ಟರು. ಮುದುಕರು ತಲೆಯಾಡಿಸಿದರು. ಇಲ್ಲದ ಗಾಳಿಯನ್ನು ಎಷ್ಟು ಹೊತ್ತು ತೆಗೆಯುವುದು? ಇಂಥ ಕಾರಿಗೆ ಡ್ರಮ್ ಬ್ರೇಕು. ಒಳಗಿನ ಷೂ ಸವೆದಷ್ಟೂ ಡ್ರಮ್ಮಿಗೂ ಅದಕ್ಕೂ ನಡುವಿನ ಅಂತರ ಹೆಚ್ಚುತ್ತದೆ, ಪೆಡಲು ಅಷ್ಟು ಕೆಳಗಿಳಿಯಬೇಕಾಗುತ್ತದೆ. ಘಟ್ಟದಲ್ಲಿ ಡ್ರಮ್ಮು ಕಾದು ಹಿಗ್ಗಿದಾಗ ಅಂತರ ಮತ್ತೂ ಬೆಳೆದಿತ್ತು. ಒಂದೊಂದೇ ಗಾಲಿಯನ್ನು ಜಾಕಿನಲ್ಲಿ ಎತ್ತಿ, ಗಾಲಿ ಸಿಕ್ಕಿಕೊಳ್ಳುವವರೆಗೆ ಹೊಂದಿಸುವ ತಿರುಪನ್ನು ತಿರುಗಿಸಿ, ಸರಾಗವಾಗಿ ತಿರುಗುವಷ್ಟು ಮಾತ್ರ ಹಿಂದಕ್ಕೆ ಸಡಿಲಿಸಿದರು. ಈಗ ಪೆಡಲು ಮೇಲೆಯೇ ನಿಂತಿತು. ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರೆಂದರು, ಕದಲಲಿಲ್ಲ. ಗಾಲಿಗಳ ಒಳಮೈಯಲ್ಲಿ ಎಣ್ಣೆಯ ಪಸೆಯಿಲ್ಲವೆಂದು ಬೆರಳಿನಿಂದ ಮುಟ್ಟಿ ನೋಡಿದರು.

ಈ ಸೀಮೆಗೆ ಇನ್ನೊಂದು ಕಷ್ಟವಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯಬಾರದು. ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿದರೆ ಕುದಿಯುವ ಮಟ್ಟ 140ರ ಆಸುಪಾಸಿಗೆ ಇಳಿಯಬಹುದು. ಕುದಿದರೆ ಆವಿ, ಆವಿಯೆಂದರೆ ಮತ್ತದೇ ಗುಳ್ಳೆ. ತಣ್ಣಗಾದೊಡನೆ ಅದು ಮಾಯವಾಗುವುದರಿಂದ ಗ್ಯಾರೇಜಿನಲ್ಲಿ ದೋಷವೇ ಕಾಣದು. ಮಳೆಯ ನಾಡಾದ ಆಗುಂಬೆಯ ಆಸುಪಾಸಿನಲ್ಲಿ ಓಡಾಡುವ ಕಾರಿಗೆ ಎರಡು ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಾಯಿಸಿ ಎಂದು ಮುದುಕರು ಹೇಳಿದ್ದು ಸುಮ್ಮನೆ ಅಲ್ಲ.

ಬಾನೆಟ್ಟಿನ ಮೇಲೆ ಚೆಲ್ಲಿದ್ದ ಎರಡು ಹನಿಗಳನ್ನು ಬಣ್ಣ ಕೀಳುವ ಮುನ್ನ ನೀರಿನಿಂದ ತೊಳೆದರು. ಡಬ್ಬಿಯಲ್ಲಿ ಅರ್ಧ ಆಯಿಲ್ ಉಳಿದಿತ್ತು. ಮುಂದಕ್ಕೆ ಬೇಕಾದೀತೆಂದು ಸಹೋದ್ಯೋಗಿಗಳು ಕೇಳಿದಾಗ, ಮುಚ್ಚಳ ತೆರೆದದ್ದನ್ನು ಇಟ್ಟುಕೊಳ್ಳಬೇಡಿರೆಂದು ಕೊಡಲು ಒಪ್ಪಲಿಲ್ಲ. ಆಮೇಲೆ ತಾವೇ ಕಾರನ್ನು ಊರ ಹೊರಗಿನ ಏರಿನವರೆಗೂ ಓಡಿಸಿ, ನಾಲ್ಕೈದು ಕಡೆ ನಿಲ್ಲಿಸಿ ನೋಡಿ, ಬೀಗದ ಕೈಯನ್ನು ತಾಯಿಯವರ ಕೈಗೆ ಕೊಟ್ಟರು.