ನೆಲದೊಳಗಿನ ಅಣಬೆ
ಗಜೇಂದ್ರಗಡದ ಬೆಟ್ಟವನ್ನೇರಿದ ಪ್ರವಾಸಿಗೆ ರೋಣ, ನರಗುಂದಗಳತ್ತ ಹಬ್ಬಿದ ಎರೆಯ ಬಯಲು ಕಾಣುತ್ತದೆ. ಬಿಳಿಜೋಳ, ಕಡಲೆಗಳನ್ನು ಧಾರಾಳವಾಗಿ ಕೊಡುವ ಈ ನೆಲ ಟ್ರಫಲ್ ಎಂಬ ಅಣಬೆಯನ್ನು ಮಾತ್ರ ಕೊಡದು. ಯುರೋಪಿನವರು ನಾಯಿಗಳಿಂದ ವಾಸನೆ ಹಿಡಿಸಿ ಅಗೆಯುವ ಆ ಅಣಬೆಗೆ ಓಕ್ ಮುಂತಾದ ಮರಗಳ ಬೇರಿನ ಒಡನಾಟ ಬೇಕು. ಬೇರು ಸಕ್ಕರೆಯನ್ನಿತ್ತರೆ ಅಣಬೆ ನೀರು, ಲವಣಗಳನ್ನೀಯುತ್ತದೆ.

ಟ್ರಫಲ್ ಅಲ್ಲದಿದ್ದರೂ ಅದನ್ನು ಹೋಲುವ ಕಲ್ಲಣಬೆಯನ್ನು ಕಾಣಲು ಘಟ್ಟವಿಳಿದು ಕಾರ್ಕಳ, ಉಡುಪಿಗಳತ್ತ ಹೋಗಬೇಕು. ಮೊದಲ ಮಳೆಗಳಲ್ಲಿ ಕಾಡಿನ ಮರಗಳಡಿ ಹುಟ್ಟುವ ಈ ಗುಂಡನ್ನು ತುಳುವರು ಕಲ್ಲಲಾಂಬು ಎನ್ನುತ್ತಾರೆ. ಮಣ್ಣು ಹೋಗುವಂತೆ ತೊಳೆದು ಹೋಳು ಮಾಡುತ್ತಾರೆ. ಒಳಗು ಬೆಳ್ಳಗಿದ್ದರೆ ತೆಂಗಿನಕಾಯಿಯ ಮಸಾಲೆಯಲ್ಲಿ ಬೇಯಿಸುತ್ತಾರೆ. ಕಪ್ಪಾಗಿ ಪುಡಿಯಾಗಿದ್ದರೆ ಎಸೆಯುತ್ತಾರೆ. ಈ ಪರೀಕ್ಷೆ ಬಲ್ಲವರ ಕೈಯ ಕಲ್ಲಣಬೆಗೆ ಮಾತ್ರ. ಗುರುತರಿಯದವರು ಕಾಡಣಬೆಯನ್ನು ಒಲೆಗೇರಿಸಬಾರದು. ಮರಗಳನ್ನು ಕಡಿದಲ್ಲಿ ಮರುವರ್ಷದ ಮಳೆ ಈ ಊಟವನ್ನು ತರಲಾರದು.