ವೋಟೇ ಇಲ್ಲದವರಿಗೆ ವೋಟು: ಕೆಲವು ಟಿಪ್ಪಣಿಗಳು

ಕ್ಯಾಲಿಫೋರ್ನಿಯಾದ ದಕ್ಷಿಣದ ತುದಿಯಲ್ಲಿ, ಮೆಕ್ಸಿಕೋ ಗಡಿಗೆ ಅಂಟಿಕೊಂಡಂತೆ ಇಂಪೀರಿಯಲ್ ಕೌಂಟಿ. ಕೌಂಟಿಯನ್ನು ನಮ್ಮ ಜಿಲ್ಲೆ ಅಂದುಕೊಳ್ಳಬಹುದು, ಆದರೆ ಅಲ್ಲಿ ಡಿಸಿ ಸಾಹೇಬರಿಲ್ಲ. ಐದು ಜನ ಸೂಪರ್‌ವೈಸರ್‌ಗಳು ಚುನಾವಣೆಯಲ್ಲಿ ಗೆದ್ದು ಬಂದು ಆಡಳಿತ ನಡೆಸುತ್ತಾರೆ. ಶೆರಿಫ್ ಕೂಡ ಗೆದ್ದು ಬರಬೇಕು, ಸರ್ಕಾರಿ ವಕೀಲರೂ ಗೆದ್ದು ಬರಬೇಕು, ಜಮೀನಿನ ತೆರಿಗೆಗೆ ಬೆಲೆ ಕಟ್ಟುವವರೂ ಗೆದ್ದು ಬರಬೇಕು. ಇಷ್ಟರವರೆಗೆ ಸರಿ. ಜಡ್ಜ್ ಕೂಡ ಕೈಮುಗಿದು ವೋಟು ಕೇಳಬೇಕು ಅಂದಾಗ ನನಗೆ ದಿಗಿಲು. ನಾಳೆ ಕಟಕಟೆಯಲ್ಲಿ ನಿಲ್ಲುವವನ ಮನೆಬಾಗಿಲಿಗೆ ಇವತ್ತು ಹೋಗಿ ಏನಂತ ಮಾತಾಡುತ್ತಾರೆ?

*

ಅಂಥ ಜಡ್ಜ್ ಹುದ್ದೆಯಿಂದ ರಾಜಕೀಯ ಶುರು ಮಾಡಿದವರು ದಲೀಪ್ ಸಿಂಗ್ ಸೌಂದ್. ಹುಟ್ಟಿದ್ದು 1899ರಲ್ಲಿ, ಪಂಜಾಬಿನ ಛಜ್ಜಲವಡ್ಡಿ ಎಂಬ ಹಳ್ಳಿಯಲ್ಲಿ. 1920ರಲ್ಲಿ ಅಮೆರಿಕಕ್ಕೆ ಹೋದಾಗ ಮನೆಯವರಿಗೆ ಕೊಟ್ಟ ಮಾತು: ಹಣ್ಣುಹಂಪಲು ಕೆಡದಂತೆ ಡಬ್ಬಿಗೆ ತುಂಬುವ ವಿದ್ಯೆ ಕಲಿತು ವಾಪಸ್ ಬರುತ್ತೇನೆ. ಬರ್ಕ್ಲಿಯಲ್ಲಿ ಅದಕ್ಕೇ ಸೇರಿದರು, ಆಮೇಲೆ ಗಣಿತಕ್ಕೆ ಹೊರಳಿದರು. 1924ರಲ್ಲಿ ಪಿಎಚ್.ಡಿ. ಮರುವರ್ಷದ ಬೇಸಿಗೆಯಲ್ಲಿ ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬಿಡಿಸುವ ಆಳುಗಳ ಮೇಸ್ತ್ರಿ. ಗಣಿತದ ಡಾಕ್ಟರೇಟ್ ಇಟ್ಟುಕೊಂಡು ಹತ್ತಿ ಹೊಲಕ್ಕೆ ಏಕೆ ಹೋದರು? ಏಷ್ಯಾದವರಿಗೆ ಕಾಲೇಜಿನಲ್ಲಿ ಕೆಲಸ ಕೊಡುವವರಿರಲಿಲ್ಲ, ಅಷ್ಟೇ. ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ, ಮುಂದಿನದ್ದರಲ್ಲಿ ಇದೆ.

*

ಆ ಕಣಿವೆಯ ಬಹುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಮಳೆ ಇಲ್ಲವೆಂದರೂ ನಡೆಯುತ್ತದೆ. ಕೊಲೊರಾಡೋ ನದಿಯ ನೀರು ಕಾಲುವೆಯಲ್ಲಿ ಬರುತ್ತದೆ. ದೇಶದ ಬೇರೆ ಕಡೆ ಹಿಮ ಬೀಳುವಾಗ ಇಲ್ಲಿ ಲೆಟ್ಯೂಸ್ ಸೊಪ್ಪು ಬೆಳೆದು ರೈಲು ಹತ್ತಿಸುತ್ತಿದ್ದರು. ಸೌಂದ್ ಲೆಟ್ಯೂಸ್ ಬೆಳೆದರು, ದರ ಬಿದ್ದು ಕೈ ಸುಟ್ಟುಕೊಂಡರು. ಮೂವತ್ತರ ದಶಕದ ಮುಗ್ಗಟ್ಟಿನಲ್ಲಿ ಸುತ್ತಲಿನವರು ದಿವಾಳಿ ಅರ್ಜಿ ಹಾಕಿ ಕೈತೊಳೆದುಕೊಳ್ಳುತ್ತಿದ್ದರೆ, ಇವರು ಹಾಗೆ ಮಾಡದೆ ಸಾಲ ತೀರಿಸುತ್ತಾ ಕೂತರು. ಊರಿನ ಅಂಗಡಿಯವರು ಇಂಥದ್ದನ್ನು ಮರೆಯುವುದಿಲ್ಲ. ಈ ಸಂಗತಿಯನ್ನು ಪಕ್ಕಕ್ಕೆ ಬರೆದಿಟ್ಟುಕೊಂಡಿದ್ದೇನೆ.

*

ಇಸವಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ತಲೆ ತಿರುಗುತ್ತದೆ. 1913 ಮತ್ತು 1920ರ ಕ್ಯಾಲಿಫೋರ್ನಿಯಾ ಕಾಯ್ದೆಗಳ ಪ್ರಕಾರ, ಪೌರತ್ವಕ್ಕೆ ಅರ್ಹತೆ ಇಲ್ಲದ ವಿದೇಶಿಯರು ಹೊಲ ಕೊಳ್ಳುವಂತಿಲ್ಲ, ಗುತ್ತಿಗೆಗೂ ಹಿಡಿಯುವಂತಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬುವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರಿಗೆ ಆ ಅರ್ಹತೆಯೇ ಇಲ್ಲವೆಂದಿತು. ಹಾಗಾಗಿ ಸೌಂದ್ ಉಳುತ್ತಿದ್ದದ್ದು ಸ್ನೇಹಿತರ ಹೆಸರಿನಲ್ಲಿ ಗುತ್ತಿಗೆ ಹಿಡಿದ ನೆಲ. ನಮ್ಮ ಕಡೆ ಬೇನಾಮಿ ಅನ್ನುತ್ತೇವಲ್ಲ, ಅದೇ. ಆದರೆ ಇಲ್ಲಿ ಬಚ್ಚಿಡಲು ಕಪ್ಪು ಹಣವಿರಲಿಲ್ಲ, ಹುಟ್ಟಿದ ದೇಶವೊಂದಿತ್ತು. 1946ರ ಜುಲೈಯಲ್ಲಿ ಅಧ್ಯಕ್ಷ ಟ್ರೂಮನ್ ಲೂಸ್-ಸೆಲ್ಲರ್ ಕಾಯ್ದೆಗೆ ಸಹಿ ಹಾಕಿದರು. ವರ್ಷಕ್ಕೆ ನೂರು ಭಾರತೀಯರಿಗೆ ಪ್ರವೇಶ, ಅಲ್ಲಿದ್ದವರಿಗೆ ಪೌರತ್ವ ಪಡೆಯುವ ಅರ್ಹತೆ. ಆ ಕಾಯ್ದೆಗಾಗಿ ಓಡಾಡಿದವರಲ್ಲಿ ಸೌಂದ್ ಕೂಡ ಒಬ್ಬರು. 1949ರ ಡಿಸೆಂಬರಿನಲ್ಲಿ ಅವರು ಅಮೆರಿಕದ ಪ್ರಜೆ. 1950ರ ನವೆಂಬರಿನಲ್ಲಿ ವೆಸ್ಟ್‌ಮೋರ್ಲಂಡ್ ಎಂಬ ಪುಟ್ಟ ಊರಿನ ಜಡ್ಜ್ ಸ್ಥಾನಕ್ಕೆ ನಿಂತು ಗೆದ್ದರು.

ಗೆದ್ದರೂ ಕುರ್ಚಿ ಸಿಗಲಿಲ್ಲ. ಚುನಾವಣೆಯ ದಿನಕ್ಕೆ ಪೌರತ್ವ ಬಂದು ಒಂದು ವರ್ಷ ತುಂಬಿರಬೇಕಿತ್ತು. ಕಮ್ಮಿ ಬಿದ್ದದ್ದು ಕೆಲವೇ ವಾರ.

ಮೂವತ್ತು ವರ್ಷ ಕಾದವರಿಗೆ ಕೆಲವು ವಾರದ ಲೆಕ್ಕ ಹೇಳಿದ ಕಾನೂನಿನ ಮೇಲೆ ನನಗೆ ಸಿಟ್ಟು ಬರುತ್ತದೆ. ಅವರಿಗೆ ಬಂದಂತೆ ಕಾಣುವುದಿಲ್ಲ. 1952ರಲ್ಲಿ ಮತ್ತೆ ನಿಂತು, ಮತ್ತೆ ಗೆದ್ದು, ಕೂತರು.

*

ವೆಸ್ಟ್‌ಮೋರ್ಲಂಡಿನ ಹೋಟೆಲೊಂದರಲ್ಲಿ ಆ ಚುನಾವಣೆಯ ಹೊತ್ತಿಗೆ ನಡೆದದ್ದನ್ನು ಸೌಂದ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಎದುರು ಪಾಳಯದ ಒಬ್ಬಾತ ಎಲ್ಲರಿಗೂ ಕೇಳುವಂತೆ ಕೆಣಕಿದ: ನೀವು ಗೆದ್ದರೆ ಕೋರ್ಟಿಗೆ ಬರುವವರಿಗೆ ರುಮಾಲು ನೀವೇ ಕೊಡುತ್ತೀರೋ, ಇಲ್ಲ ನಾವೇ ಕೊಂಡು ತರಬೇಕೋ? ಸೌಂದ್ ಹೇಳಿದ್ದು ಇಷ್ಟು: ತಲೆಯ ಮೇಲೆ ಯಾರು ಏನು ಇಟ್ಟುಕೊಂಡರೂ ನನಗೇನು, ತಲೆಯೊಳಗೆ ಏನಿದೆ ಎಂಬುದೇ ನನಗೆ ಮುಖ್ಯ. ಹೋಟೆಲಿಗೆ ಹೋಟೆಲೇ ನಕ್ಕಿತಂತೆ.

ಜಾಣ ಉತ್ತರ, ನಿಜ. ಆದರೆ ನಕ್ಕವರೆಲ್ಲ ವೋಟು ಹಾಕಿದರೇ? ನಮ್ಮಲ್ಲಿ ಭಾಷಣಕ್ಕೆ ಚಪ್ಪಾಳೆ ತಟ್ಟಿ ವೋಟನ್ನು ಬೇರೆಯವರಿಗೆ ಒತ್ತಿ ಬರುವ ಜಾಣರನ್ನು ಕಂಡವನು ನಾನು. ಹಾಗಾಗಿ ಈ ಕತೆಯೊಂದನ್ನೇ ನಂಬಲು ಮನಸ್ಸಿಲ್ಲ.

*

ವಕೀಲಿಕೆ ಓದದವರು ಜಡ್ಜ್ ಆದದ್ದು ಹೇಗೆ? ಅಲ್ಲಿನ ಸಣ್ಣ ಊರುಗಳ ಜಸ್ಟಿಸ್ ಕೋರ್ಟುಗಳಿಗೆ ಕಾನೂನು ಪದವಿ ಬೇಕೇ ಬೇಕು ಎಂದಿರಲಿಲ್ಲ. ಜೈಲು ಶಿಕ್ಷೆ ಆಗಬಹುದಾದ ಪ್ರಕರಣಗಳನ್ನು ವಕೀಲರಲ್ಲದವರು ವಿಚಾರಿಸಬಾರದೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಹೇಳಿದ್ದು 1974ರಲ್ಲಿ. ಅಲ್ಲಿಯವರೆಗೆ ಊರಿಗೆ ನಂಬಿಕೆ ಇದ್ದವರು ಕೂರಬಹುದಿತ್ತು. ಜೊತೆಗೆ ಜಡ್ಜ್ ಚುನಾವಣೆಯಲ್ಲಿ ಪಕ್ಷದ ಹೆಸರಿಲ್ಲ, ನಮ್ಮ ಗ್ರಾಮ ಪಂಚಾಯಿತಿಯ ಹಾಗೆ. ಬ್ಯಾಲೆಟ್ಟಿನಲ್ಲಿ ಬರಿಯ ಹೆಸರು. ಆ ಹೆಸರು ಸಿಂಗ್ ಸೌಂದ್ ಎಂದಿದ್ದೂ ಗೆದ್ದಿತು!

ಗೆದ್ದ ಮೇಲೆ ಸುಮ್ಮನೆ ಕೂರಲಿಲ್ಲ. ಊರಲ್ಲಿ ಬೇರುಬಿಟ್ಟಿದ್ದ ಜೂಜು, ವೇಶ್ಯಾವಾಟಿಕೆ, ಮಾದಕ ವಸ್ತುಗಳ ದಂಧೆಯ ಮೇಲೆ ಬಿಗಿ ಹಿಡಿದರು. ಅದೇ ಹೊತ್ತಿಗೆ ಕೌಂಟಿಯ ಡೆಮಾಕ್ರಟಿಕ್ ಪಕ್ಷದ ಸಮಿತಿಯಲ್ಲೂ ಇದ್ದರು, 1954ರಲ್ಲಿ ಅದರ ಅಧ್ಯಕ್ಷರು. ನ್ಯಾಯಪೀಠ ಒಂದು ಕೈಯಲ್ಲಿ, ಪಕ್ಷ ಇನ್ನೊಂದರಲ್ಲಿ, ನಡುವೆ ರಸಗೊಬ್ಬರದ ವ್ಯಾಪಾರ. ನಮ್ಮ ಮುನ್ಸಿಫರು ಹೀಗೆ ಮಾಡಿದ್ದರೆ ಹೈಕೋರ್ಟಿನಿಂದ ಮರುದಿನವೇ ಕಾಗದ ಬರುತ್ತಿತ್ತು. ಅಲ್ಲಿ ಯಾರಿಗೂ ಇದು ವಿಚಿತ್ರ ಅನ್ನಿಸಿದಂತಿಲ್ಲ.

*

ಹಾಗಾದರೆ ಅವರು ಗೆದ್ದದ್ದು ಹೇಗೆ? ನನಗೆ ಹೊಳೆಯುವ ಒಂದೇ ವಿವರಣೆ: ಅವರು ರಾಜಕೀಯಕ್ಕೆ ಇಳಿದದ್ದು 1950ರಲ್ಲಿ ಅಲ್ಲ. ವೋಟು ಇಲ್ಲದ ಇಪ್ಪತ್ತೈದು ವರ್ಷವೂ ಅವರು ಮಾಡಿದ್ದು ಅದನ್ನೇ. ಕ್ಲಬ್ಬು, ಚರ್ಚು ಎಲ್ಲಿ ಕರೆದರೂ ಹೋಗಿ ಭಾರತದ ಸ್ವಾತಂತ್ರ್ಯದ ಬಗ್ಗೆ ಮಾತಾಡಿದರು. ಭಾರತವನ್ನು ಹಳಿದು ಕ್ಯಾಥರೀನ್ ಮೇಯೋ ಎಂಬ ಅಮೆರಿಕನ್ ಲೇಖಕಿ ಬರೆದ ಪುಸ್ತಕಕ್ಕೆ ಉತ್ತರವಾಗಿ 1930ರಲ್ಲೇ ಪುಸ್ತಕ ಬರೆದರು. ಕಾಲುವೆ ನೀರು, ಬೆಳೆಯ ದರ ಇವುಗಳ ಬಗ್ಗೆ ಎಲ್ಲ ರೈತರಂತೆ ಕಟ್ಟೆಹರಟೆಗೆ ಕೂತರು. ಪೌರತ್ವದ ಕಾಗದ ಕೈಗೆ ಬರುವ ಹೊತ್ತಿಗೆ ಕೌಂಟಿಯವರ ಬಾಯಲ್ಲಿ ಅವರು 'ಡಾಕ್', ಅಂದರೆ ಡಾಕ್ಟರು, ಆಗಿಹೋಗಿದ್ದರು. ಕಾನೂನಿನ ಕಣ್ಣಿಗೆ ಹೊರಗಿನವರು, ಊರಿನವರ ಕಣ್ಣಿಗೆ ಪಕ್ಕದ ಹೊಲದವರು.

ಈ ವಿವರಣೆಯಲ್ಲೂ ಒಂದು ತೂತು ಇದೆ. ಅದೇ ಕಣಿವೆಯಲ್ಲಿ ಹತ್ತಾರು ವರ್ಷ ಉತ್ತು, ಮೆಕ್ಸಿಕನ್ ಹೆಂಗಸರನ್ನು ಮದುವೆಯಾಗಿ ಸಂಸಾರ ಕಟ್ಟಿದ ಪಂಜಾಬಿ ರೈತರು ಇನ್ನೂ ಎಷ್ಟೋ ಮಂದಿ ಇದ್ದರು. ಅವರೂ ಪಕ್ಕದ ಹೊಲದವರೇ.

*

1956. ಕೌಂಟಿ ದಾಟಿದರು. ರಿವರ್‌ಸೈಡ್ ಮತ್ತು ಇಂಪೀರಿಯಲ್ ಎರಡೂ ಸೇರಿದ ಕ್ಷೇತ್ರದಿಂದ ಸಂಸತ್ತಿನ ಕೆಳಮನೆಗೆ ಸ್ಪರ್ಧೆ. ಎದುರಾಳಿ ಜಾಕ್ವೆಲಿನ್ ಕಾಕ್ರನ್, ಶಬ್ದಕ್ಕಿಂತ ವೇಗವಾಗಿ ವಿಮಾನ ಹಾರಿಸಿದ ಮೊದಲ ಮಹಿಳೆ, ಶ್ರೀಮಂತ ಉದ್ಯಮಿಯ ಹೆಂಡತಿ, ಅಧ್ಯಕ್ಷ ಐಸೆನ್‌ಹೋವರರ ಆಪ್ತೆ. ಅದಕ್ಕೂ ಮೊದಲು ಸ್ವಂತ ಪಕ್ಷದ ಪ್ರತಿಸ್ಪರ್ಧಿಯೇ ಕೋರ್ಟಿಗೆ ಹೋದರು: ಸಂಸದರಾಗಲು ಏಳು ವರ್ಷದ ಪೌರತ್ವ ಬೇಕು, ಇವರಿಗೆ ಆಗಿಲ್ಲ. ಮತ್ತೆ ಅದೇ ಕ್ಯಾಲೆಂಡರು! ಈ ಸಲ ಡಿಸೆಂಬರಿಗೆ ಏಳು ತುಂಬುತ್ತಿತ್ತು, ಪ್ರಮಾಣವಚನ ಜನವರಿಗೆ. ಕೋರ್ಟು ಅರ್ಜಿ ಎತ್ತಿಹಾಕಿತು. ಐಸೆನ್‌ಹೋವರ್ ದೇಶವನ್ನೇ ಬಾಚಿಕೊಂಡ ಆ ವರ್ಷ ಎದುರು ಪಕ್ಷದ ಸೌಂದ್ ಕಡಿಮೆ ಅಂತರದಲ್ಲಿ ಗೆದ್ದರು. 1958, 1960ರಲ್ಲಿ ಮತ್ತೆ. 1962ರಲ್ಲಿ ಪಾರ್ಶ್ವವಾಯು ಹೊಡೆದು ಮಾತು ನಿಂತಿತು. ಆದರೂ ಜೂನಿನಲ್ಲಿ ಪಕ್ಷದ ಮತದಾರರು ಅವರನ್ನೇ ಅಭ್ಯರ್ಥಿಯಾಗಿ ಆರಿಸಿದರು, ನವೆಂಬರಿನಲ್ಲಿ ಸೋತರು.

*

ಅವರ ನಂತರ ಭಾರತೀಯ ಮೂಲದವರೊಬ್ಬರು ಆ ಸದನಕ್ಕೆ ಗೆದ್ದದ್ದು 2004ರಲ್ಲಿ, ಬಾಬಿ ಜಿಂದಾಲ್. ಅವರಾದರೋ ಅಲ್ಲೇ ಹುಟ್ಟಿದವರು. ನಡುವೆ ನಲವತ್ತೆಂಟು ವರ್ಷ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಇಲ್ಲಿಂದ ಹೋದ ಡಾಕ್ಟರು, ಎಂಜಿನಿಯರುಗಳಿಗೆ ಪೌರತ್ವವೂ ಇತ್ತು, ದುಡ್ಡೂ ಇತ್ತು, ಆದರೂ ಗೆದ್ದವರಿಲ್ಲ.

ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಹಿಡಿದದ್ದು ತಿರುವುಮುರುವು ದಾರಿ. ಮೊದಲ ಸ್ಪರ್ಧೆಯೇ 2018ರಲ್ಲಿ ಮಿಷಿಗನ್ನಿನ ಗವರ್ನರ್ ಹುದ್ದೆಗೆ, ಸ್ವಂತ ಹಣ ಸುರಿದು. ಪಕ್ಷದೊಳಗಿನ ಸುತ್ತಿನಲ್ಲೇ ಮೂರನೆಯವರಾದರು. ಆಮೇಲೆ ಒಂದು ಮೆಟ್ಟಿಲು ಇಳಿದು 2020ರಲ್ಲಿ ರಾಜ್ಯದ ಶಾಸನಸಭೆಗೆ, 2022ರಲ್ಲಿ ಸಂಸತ್ತಿಗೆ. ಊರಿನ ಕೋರ್ಟು, ಕೌಂಟಿ ಸಮಿತಿ ಯಾವುದೂ ಇಲ್ಲದೆ ತಲುಪಿದರು. ಹಾಗಾದರೆ ಸೌಂದ್ ಅಷ್ಟು ಕೆಳಗಿನಿಂದ ಹತ್ತಿದ್ದು ಆಯ್ಕೆಯೋ, ಬೇರೆ ಬಾಗಿಲು ತೆರೆದಿರಲಿಲ್ಲವೋ? ಎರಡನೆಯದೇ ಇರಬೇಕು ಎಂದು ನನ್ನ ಗುಮಾನಿ.