ಸೋತವನಿಗೊಂದು ಮರೆ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ನಮ್ಮ ಮನೆಗೆ ಮಕ್ಕಳ ಹಟಕ್ಕೆ ಮಣಿದು ಗಾಜಿನ ಮೀನುತೊಟ್ಟಿಯೊಂದನ್ನು ತಂದೆವು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಹಿಡಿಯುತ್ತಿದ್ದ ನೀರು ಸುಮಾರು 55 ಲೀಟರ್. ನಮ್ಮ ತಾಯಿಯವರು ಮೊದಲಿಗೆ ಒಪ್ಪಲಿಲ್ಲ. 'ಲಿಂಗವಂತರ ಮನೆಯಲ್ಲಿ ಮೀನೇ?' ಎಂದು ಅವರು ಕೇಳಿದ್ದು ಸಹಜವೇ ಆಗಿತ್ತು. ತಿನ್ನುವುದಕ್ಕಲ್ಲ, ನೋಡುವುದಕ್ಕೆ ಎಂದು ಮಕ್ಕಳು ಬಗೆಬಗೆಯಾಗಿ ಹೇಳಿ ಒಪ್ಪಿಸಿದರು. 'ಹಾಗಾದರೆ ಒಂದು ಮಾತು. ತಂದ ಮೇಲೆ ಆ ಜೀವಗಳು ನಿಮ್ಮ ಹೊಣೆ' ಎಂದಷ್ಟೇ ಹೇಳಿ ಅವರು ಪೂಜೆಗೆ ಎದ್ದುಹೋದರು. ಆ ಮಾತಿನ ಭಾರ ನಮಗೆ ತಿಳಿದದ್ದು ತಿಂಗಳು ಕಳೆದ ಮೇಲೆ.

ಬೆಂಗಳೂರಿನ ಅಂಗಡಿಯೊಂದರಿಂದ ಆರು ಜೀಬ್ರಾ ಮೀನುಗಳನ್ನೂ ಎರಡು ಜೋಡಿ ಕತ್ತಿಬಾಲದ ಮೀನುಗಳನ್ನೂ ತಂದಿದ್ದೆವು. ಅಂಗಡಿಯವರು ಇದನ್ನು ಸ್ವೋರ್ಡ್‌ಟೇಲ್ ಎನ್ನುತ್ತಾರೆ. ಮೆಕ್ಸಿಕೊದಿಂದ ಹೊಂಡುರಾಸ್‌ವರೆಗಿನ ಹೊಳೆತೊರೆಗಳು ಇದರ ತವರು. ಮೊಟ್ಟೆಯಿಡದೆ ಮರಿಹಾಕುವ ಜಾತಿಯಿದು. ಗಂಡುಮೀನಿನ ಬಾಲದ ಕೆಳಗಿನ ಅಂಚು ಕತ್ತಿಯಂತೆ ನೀಳವಾಗಿ ಚಾಚಿರುತ್ತದೆ. ಹೆಣ್ಣಿಗೆ ಈ ಕತ್ತಿಯಿಲ್ಲ. ಜೋಡಿ ಜೋಡಿಯಾಗಿದ್ದರೆ ಚೆಂದವೆಂದು ಭಾವಿಸಿ ಎರಡು ಗಂಡು, ಎರಡು ಹೆಣ್ಣು ಆರಿಸಿಕೊಂಡೆವು. ತೊಟ್ಟಿಯ ತಳಕ್ಕೆ ಬಿಳಿಯ ಕಲ್ಲು ಹಾಸಿ, ಮೀನುಗಳು ಎಲ್ಲ ಕಡೆಯಿಂದಲೂ ಕಾಣಲೆಂದು ನಡುವೆ ಏನನ್ನೂ ಇಡದೆ ಬಯಲಾಗಿ ಬಿಟ್ಟೆವು. ನಮ್ಮ ತಪ್ಪು ಅಲ್ಲಿಯೇ ಆರಂಭವಾಯಿತು.

ಮೊದಲ ವಾರ ಶಾಂತವಾಗಿ ಕಳೆಯಿತು. ಎರಡನೆಯ ವಾರ ದೊಡ್ಡ ಗಂಡುಮೀನು ಚಿಕ್ಕದನ್ನು ಅಟ್ಟತೊಡಗಿತು. ಕೆಂಪೇಗೌಡರ ಸೀಮೆಯ ಹುಡುಗರಲ್ಲವೇ, ಹಿರಿಯ ಮಗ ಅದಕ್ಕೆ 'ಪಾಳೇಗಾರ' ಎಂದು ಹೆಸರಿಟ್ಟು ನಕ್ಕ. ನಾವೂ ನಕ್ಕೆವು. ಚಿಕ್ಕ ಗಂಡು ನೀರಿನ ಮೇಲ್ಭಾಗದ ಮೂಲೆಯಲ್ಲಿ, ಗಾಳಿಯ ಕೊಳವೆಯ ಹಿಂದೆ, ಈಜುರೆಕ್ಕೆಗಳನ್ನು ಮೈಗೆ ಅವುಚಿಕೊಂಡು ನಿಲ್ಲುತ್ತಿತ್ತು. ಆಹಾರ ಹಾಕಿದಾಗ ಒಂದು ಗೇಣು ಮುಂದೆ ಬಂದರೆ ಪಾಳೇಗಾರ ಎರಗುತ್ತಿದ್ದ. ಅದರ ಕತ್ತಿಯ ತುದಿ ಹರಿದಿತ್ತು. ನಾಲ್ಕು ದಿನ ಹೋದರೆ ಅವೇ ಹೊಂದಿಕೊಳ್ಳುತ್ತವೆ ಎಂದು ನಾವು ಹಿರಿಯರು ತೀರ್ಪು ಕೊಟ್ಟೆವು.

ಕಿರಿಯ ಮಗ ಮಾತ್ರ ತೊಟ್ಟಿಯ ಮುಂದೆ ಗಂಟೆಗಟ್ಟಲೆ ಕೂರುತ್ತಿದ್ದ. ಒಂದು ಸಂಜೆ ಅವನು, 'ಅಜ್ಜಿ, ಅದು ಸೋತಾಯ್ತಲ್ಲ, ಆದ್ರೂ ಯಾಕೆ ಬಿಡ್ತಿಲ್ಲ?' ಎಂದು ಕೇಳಿದ. 'ಅದು ದೂರ ಹೋಗಬಾರದೇನಪ್ಪ?' ಎಂದರು ನಮ್ಮ ತಾಯಿ. 'ಹೋಗೋಕೆ ಜಾಗ ಎಲ್ಲಿದೆ ಅಜ್ಜಿ?' ಎಂದ ಹುಡುಗ.

ಮರುದಿನ ಬೆಳಗ್ಗೆ ಆ ಚಿಕ್ಕ ಮೀನು ಸತ್ತು ತೇಲುತ್ತಿತ್ತು. ಕಿರಿಯ ಮಗ ಅದನ್ನು ಎಲೆಯೊಂದರಲ್ಲಿಟ್ಟು ಒಯ್ದು ದಾಸವಾಳದ ಗಿಡದ ಬುಡದಲ್ಲಿ ಮಣ್ಣು ಮಾಡಿದ. ನಮ್ಮ ತಾಯಿಯವರು ನಮಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು.

ಪಾಳೇಗಾರನನ್ನು ದುಷ್ಟನೆಂದು ಕರೆದು ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಈ ವಿಷಯವನ್ನು ತಿಳಿದವರು ಬರೆದಿರುವುದನ್ನು ಓದುತ್ತಾ ಹೋದಂತೆ ನಮ್ಮ ಅಭಿಪ್ರಾಯ ಬದಲಾಯಿತು. ಪ್ರಾಣಿಗಳ ನಡತೆಯನ್ನು ಅಭ್ಯಸಿಸಿ 1973ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಮೂವರಲ್ಲಿ ನಿಕೊ ಟಿನ್‌ಬರ್ಗೆನ್ ಒಬ್ಬರು. ಅವರು ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ಎರಡು ಗಂಡುಗಳು ಒಂದೇ ತೊಟ್ಟಿಯಲ್ಲಿ ಬೇರೆ ಬೇರೆ ಕಡೆ ಗೂಡು ಕಟ್ಟಿಕೊಂಡಿದ್ದಾಗ ಒಂದು ಪ್ರಯೋಗ ಮಾಡಿದರು. ಎರಡನ್ನೂ ಒಂದೊಂದು ಗಾಜಿನ ಕೊಳವೆಯಲ್ಲಿಟ್ಟು ಮೊದಲನೆಯದರ ಗೂಡಿನ ಬಳಿಗೆ ಒಯ್ದಾಗ ಅದು ಮೇಲೇರಿ ಹೋಗಲು ಯತ್ನಿಸಿತು, ಎರಡನೆಯದು ಓಡಲು ಹವಣಿಸಿತು. ಎರಡನೆಯದರ ಗೂಡಿನ ಬಳಿಗೆ ಒಯ್ದಾಗ ಎಲ್ಲವೂ ತಿರುಗುಮುರುಗಾಯಿತು. ಮೀನುಗಳು ಅವೇ, ಬದಲಾದದ್ದು ನೆಲೆ ಮಾತ್ರ. ಶೂರತನವೂ ಭಯವೂ ಹುಟ್ಟುಗುಣ ಮಾತ್ರವಲ್ಲ, ನಿಂತ ಜಾಗದ ಗುಣವೂ ಹೌದು ಎಂಬುದು ನಮಗೆ ಇದರಿಂದ ತಿಳಿಯಿತು.

ಇದಕ್ಕಾಗಿ ದೂರ ದೇಶಕ್ಕೆ ಹೋಗಬೇಕಾಗಿಯೂ ಇಲ್ಲ. ನಮ್ಮ ಕೆರೆಗಳಲ್ಲಿ ಜಿಲೇಬಿ ಮೀನೆಂದು ಜನ ಕರೆಯುವ ತಿಲಾಪಿಯ 1952ರಲ್ಲಿ ಹೊರದೇಶದಿಂದ ಭಾರತಕ್ಕೆ ಬಂದದ್ದು. ಇದರ ಗಂಡು ಕೆರೆಯ ತಳದಲ್ಲಿ ಗುಳಿ ತೋಡಿ ಅದನ್ನು ಕಾಯುತ್ತದೆ. ಬೇರೆ ಗಂಡು ಬಂದರೆ ಅಟ್ಟುತ್ತದೆ. ಅಟ್ಟಿಸಿಕೊಂಡದ್ದು ದೂರ ಸರಿದು ಇನ್ನೊಂದು ಕಡೆ ಗುಳಿ ತೋಡಿಕೊಳ್ಳಬಹುದು. ಸೋತವನು ಕಣ್ಣಿಂದ ಮರೆಯಾದರೆ ಸಾಮಾನ್ಯವಾಗಿ ಜಗಳ ಮುಗಿಯಿತು. ಗಾಜಿನ ತೊಟ್ಟಿಯಲ್ಲಿ ಸೋತವನು ಎಲ್ಲಿ ಹೋದರೂ ಗೆದ್ದವನ ಕಣ್ಣಿಗೆ ಬೀಳುತ್ತಾನೆ. ಕಂಡಾಗಲೆಲ್ಲ ಮುಗಿದ ಜಗಳ ಮೊದಲಿಂದ ಹುಟ್ಟುತ್ತದೆ. ನಮ್ಮ ತೊಟ್ಟಿಯಲ್ಲಿ ನಡೆದದ್ದು ಒಂದು ಕಾಳಗವಲ್ಲ; ಮುಗಿಯಲು ನಾವೇ ಬಿಡದಿದ್ದ ಕಾಳಗ.

ಆ ಮೇಲೆ ನಾವು ಮಾಡಿದ್ದನ್ನು ಮೀನು ಸಾಕುವ ಇತರ ಕುಟುಂಬಗಳಿಗೆ ಉಪಯೋಗವಾಗಲೆಂದು ಬರೆಯುತ್ತೇವೆ. ಪಾಳೇಗಾರನನ್ನು ಒಂದು ವಾರ ಬೇರೆ ತೊಟ್ಟಿಯಲ್ಲಿಟ್ಟೆವು. ಅಷ್ಟರಲ್ಲಿ ಕಲ್ಲುಗಳ ಜಾಗ ಬದಲಿಸಿ, ನಡುವೆ ನೀರುಗಿಡಗಳನ್ನು ದಟ್ಟವಾಗಿ ನೆಟ್ಟು, ಒಂದು ತುದಿಯಿಂದ ಇನ್ನೊಂದು ತುದಿ ಕಾಣದಂತೆ ಮಾಡಿದೆವು. ಮರಳಿ ಬಂದಾಗ ಅವನ ಹಳೆಯ ಗಡಿ ಅಲ್ಲಿರಲಿಲ್ಲ. ಇನ್ನೊಂದು ಗಂಡನ್ನು ತರದೆ, ಹೆಣ್ಣುಗಳನ್ನು ಮೂರಕ್ಕೆ ಏರಿಸಿದೆವು. ಹಾಗಾದಾಗ ಗಂಡಿನ ಕಾಟ ಒಂದೇ ಹೆಣ್ಣಿನ ಮೇಲೆ ಬೀಳುವುದಿಲ್ಲ. ಕತ್ತಿಬಾಲಕ್ಕೆ ಎರಡಡಿಯ ತೊಟ್ಟಿ ಇಕ್ಕಟ್ಟೆಂದು ತಿಳಿದು ಮುಂದೆ ಮೂರಡಿಯದನ್ನು ಕೊಂಡೆವು. ಫೈಟರ್ ಎಂಬ ಮೀನಿನ ವಿಷಯದಲ್ಲಂತೂ ಈ ಉಪಾಯಗಳೂ ಸಾಲವು. ಅದರ ಎರಡು ಗಂಡುಗಳನ್ನು ಒಂದೇ ತೊಟ್ಟಿಯಲ್ಲಿ ಎಂದಿಗೂ ಬಿಡಬಾರದು. ಜಗಳಗಂಟ ಮೀನನ್ನು ಊರ ಕೆರೆಗೆ ಬಿಡುವುದೂ ಪರಿಹಾರವಲ್ಲ. ಹೊರಗಿನ ಜಾತಿ ಅಲ್ಲಿ ಬೇರೂರಿದರೆ ಕೆರೆಯ ಸ್ವಂತ ಮೀನುಗಳಿಗೆ ಅದು ಕಂಟಕವಾದೀತು.

ಆಹಾರವನ್ನು ಒಂದೇ ಕಡೆ ಹಾಕುವುದನ್ನೂ ನಿಲ್ಲಿಸಿದೆವು. ಇದನ್ನು ಸೂಚಿಸಿದವರು ನಮ್ಮ ತಾಯಿಯವರೇ. ನಮ್ಮ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳವರ ಮಠದಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಪ್ರಸಾದ ಸ್ವೀಕರಿಸುವುದನ್ನು ಅವರು ಕಂಡವರು. 'ಪಂಕ್ತಿಯಲ್ಲಿ ಬಲವಿದ್ದವನಿಗೆ ಮೊದಲು ಅಂತ ಉಂಟೇ? ಎರಡು ಮೂಲೆಗೂ ಹಾಕಿ' ಎಂದರು. ಪಾಳೇಗಾರ ಒಂದು ಮೂಲೆಯನ್ನು ಕಾಯುವಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಉಳಿದವು ಹೊಟ್ಟೆ ತುಂಬಿಸಿಕೊಳ್ಳತೊಡಗಿದವು.

ಇಷ್ಟಾದರೂ ನಮ್ಮನ್ನು ಕಾಡಿದ್ದು ಹುಡುಗನ ಆ ಪ್ರಶ್ನೆ. ಆ ವರ್ಷ ಅವನ ಪರೀಕ್ಷೆಯ ಅಂಕಗಳು ಕಡಿಮೆ ಬಂದಿದ್ದವು. ಊಟಕ್ಕೆ ಕುಳಿತಾಗ ಅಣ್ಣನ ಅಂಕಗಳ ಮಾತು, ಬಂಧುಗಳು ಬಂದಾಗ ಅದೇ ಮಾತು, ಅಣ್ಣನ ಗೇಲಿಗೆ ನಮ್ಮ ಮುಗುಳುನಗೆಯ ಒಪ್ಪಿಗೆ. ಹುಡುಗ ಎಲ್ಲರ ಊಟವಾದ ಮೇಲೆ ಬಂದು ಒಬ್ಬನೇ ಉಣ್ಣತೊಡಗಿ ಎಷ್ಟು ದಿನವಾಗಿತ್ತೋ, ನಾವು ಗಮನಿಸಿರಲಿಲ್ಲ. ಕೊಳವೆಯ ಹಿಂದಿನ ಮೀನನ್ನು ಅವನು ಅಷ್ಟು ಹೊತ್ತು ನೋಡುತ್ತಿದ್ದುದು ಏಕೆಂದು ಅದು ಸತ್ತ ಮೇಲೆ ನಮಗೆ ಹೊಳೆಯಿತು.

ಮನುಷ್ಯನನ್ನು ಮೀನಿಗೆ ಹೋಲಿಸುವುದು ಪೂರ್ತಿ ಸರಿಯಲ್ಲ. ಮೀನಿಗೆ ಮಾತಿಲ್ಲ, ಪಶ್ಚಾತ್ತಾಪವಿಲ್ಲ. ನಮಗೆ ಎರಡೂ ಉಂಟು. ಆದುದರಿಂದ ನಮ್ಮ ಹೊಣೆ ಹೆಚ್ಚಿನದು. ನಾವು ಅವನನ್ನು ಕರೆದು ಉಪದೇಶ ಮಾಡಲಿಲ್ಲ. ಅಂಕಗಳ ಮಾತನ್ನು ಊಟದ ಹೊತ್ತಿನಿಂದ ತೆಗೆದುಹಾಕಿದೆವು. ಗೇಲಿ ಮಾಡಿದಾಗ ಹಿರಿಯನನ್ನು ತಡೆದೆವು. ಕಿರಿಯನಿಗೆ ಓದಲು ಅಟ್ಟದ ಪಕ್ಕದ ಚಿಕ್ಕ ಕೋಣೆಯನ್ನು ಬಿಟ್ಟುಕೊಟ್ಟೆವು. ಮೂರನೆಯ ವಾರ ಅವನು ತಾನಾಗಿ ಬಂದು ಎಲ್ಲರೊಡನೆ ಊಟಕ್ಕೆ ಕುಳಿತ. ಯಾರೂ ಏನನ್ನೂ ಹೇಳಲಿಲ್ಲ. ನಮ್ಮ ತಾಯಿಯವರು ಅವನ ತಟ್ಟೆಗೆ ಇನ್ನೊಂದು ಮುದ್ದೆ ಬಡಿಸಿದರು.

ಸೊಸೆಯಂದಿರು, ಅತ್ತೆಯಂದಿರು, ಅಣ್ಣತಮ್ಮಂದಿರು ಕೂಡಿ ಬಾಳುವ ಮನೆಗಳಲ್ಲಿ ಮಾತಿಗೆ ಮಾತು ಬರುವುದುಂಟು. ಒಬ್ಬರು ಗೆಲ್ಲುವುದು, ಒಬ್ಬರು ಸೋಲುವುದು ಉಂಟು. ಸೋತವರಿಗೆ ಮರೆಯಾಗಿ ಸುಧಾರಿಸಿಕೊಳ್ಳಲು ಒಂದು ಮೂಲೆಯನ್ನೂ, ಹಿಂತಿರುಗಿ ಬಂದಾಗ ಪಂಕ್ತಿಯಲ್ಲಿ ಒಂದು ಎಲೆಯನ್ನೂ ಉಳಿಸುವುದು ಮನೆ ನಡೆಸುವವರ ಕಾಯಕವೆಂದು ನಾವು ತಿಳಿದುಕೊಂಡಿದ್ದೇವೆ.

ಈಗ ದಿನವೂ ಪೂಜೆ ಮುಗಿಸಿ ಬಂದು ತೊಟ್ಟಿಯ ಎರಡು ಮೂಲೆಗೂ ಆಹಾರ ಉದುರಿಸುವವರು ನಮ್ಮ ತಾಯಿಯವರು. ಗಿಡಗಳ ನಡುವೆ ಮೊನ್ನೆ ಮರಿಗಳು ಕಾಣಿಸಿಕೊಂಡವು. ಅವುಗಳಲ್ಲಿ ಗಂಡೆಷ್ಟು, ಹೆಣ್ಣೆಷ್ಟು ಎಂದು ತಿಳಿಯಲು ಇನ್ನೂ ಕೆಲವು ತಿಂಗಳು ಬೇಕು. ಇನ್ನೊಂದು ತೊಟ್ಟಿಗೆ ಪಡಸಾಲೆಯಲ್ಲಿ ಜಾಗ ಎಲ್ಲಿ ಎಂದು ಕಿರಿಯ ಮಗ ಈಗಲೇ ಅಳೆಯತೊಡಗಿದ್ದಾನೆ.